ಕಿಟ್ಟೆಲರ ಯಜ್ಞ

ತ್ಯಾಗವೆಂಬ ಶಬ್ದವು ನಮ್ಮ ಸಾರ್ವಜನಿಕ ಜೀವನದಲ್ಲಿ ಬಲು ಅಗ್ಗವಾಗಿದೆ. ಸಭೆಯಲ್ಲಿ ಹಾರ ಹಾಕಿಸಿಕೊಂಡವರೆಲ್ಲರೂ ತ್ಯಾಗಿಗಳು, ಒಂದು ದಿನದ ಊಟವನ್ನು ಬಿಟ್ಟವರೆಲ್ಲರೂ ಬಲಿದಾನಿಗಳು ಎನಿಸಿಕೊಳ್ಳುವ ಕಾಲವಿದು. ಇಂಥ ಕಾಲದಲ್ಲಿ ಆ ಶಬ್ದದ ನಿಜವಾದ ತೂಕವೆಷ್ಟೆಂಬುದನ್ನು ಅರಿಯಬೇಕಾದರೆ, ಯಜ್ಞದ ವಿಚಾರವಾಗಿ ಗ್ರಂಥವನ್ನು ಬರೆದು, ಬಳಿಕ ತನ್ನ ಆಯುಷ್ಯವನ್ನೇ ಅದಕ್ಕೆ ವ್ಯಾಖ್ಯಾನವನ್ನಾಗಿ ಮಾಡಿದ ಒಬ್ಬ ಪುರುಷನ ಚರಿತ್ರವನ್ನು ನೋಡುವದು ಉಚಿತ. ರೆವರೆಂಡ ಫರ್ಡಿನಂಡ ಕಿಟ್ಟೆಲರು ಅಂಥವರು. ಅವರ ಹೆಸರನ್ನು ಕೇಳದ ಓದುಬಲ್ಲ ಕನ್ನಡಿಗನಿಲ್ಲ; ಅವರ ಕೋಶವಿಲ್ಲದ ಕನ್ನಡ ಗ್ರಂಥಾಲಯವು ಗ್ರಂಥಾಲಯವೆನಿಸದು. ಆದರೆ ಅವರೇ 1872ರಲ್ಲಿ ಮಂಗಳೂರಿನಿಂದ ‘ಯಜ್ಞಸುಧಾನಿಧಿ’ ಎಂಬ ಕಿರುಗ್ರಂಥವನ್ನು ಹೊರಡಿಸಿದ್ದರೆಂಬುದು ಬಹು ಜನರಿಗೆ ತಿಳಿಯದು. ಶಬ್ದಗಳ ಅರ್ಥವನ್ನು ನಿಷ್ಕರ್ಷಿಸುವದೇ ವೃತ್ತಿಯಾದ ಈ ಪಂಡಿತನು ಯಜ್ಞವೆಂಬ ಶಬ್ದದ ಅರ್ಥವನ್ನು ಪುಸ್ತಕದಲ್ಲಿ ಬರೆದದ್ದಕ್ಕಿಂತ ಬಾಳಿನಲ್ಲಿ ಹೆಚ್ಚು ಸ್ಪಷ್ಟವಾಗಿ ಬರೆದಿಟ್ಟು ಹೋದನು.

ಕಿಟ್ಟೆಲರು ಹುಟ್ಟಿದ್ದು 1832ರಲ್ಲಿ, ಜರ್ಮನಿಯ ವಾಯವ್ಯದ ಕಡಲಂಚಿನಲ್ಲಿರುವ ಪೂರ್ವ ಫ್ರೀಸಿಯಾ ಪ್ರಾಂತದ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ. ತಂದೆ ಪಾದ್ರಿ, ಮನೆಯು ನಿಷ್ಠೆಯ ಮನೆ. 1850ರಲ್ಲಿ ಅವರು ಸ್ವಿಟ್ಝರ್ಲಂಡದ ಬಾಸೆಲ ಪಟ್ಟಣದ ಮಿಶನ್ ವಿದ್ಯಾಲಯವನ್ನು ಸೇರಿದರು. ಮೂರು ವರ್ಷಗಳ ತರುವಾಯ, 1853ರಲ್ಲಿ, ಇಪ್ಪತ್ತೊಂದರ ತರುಣನಾಗಿ ಭಾರತಕ್ಕೆ ಬಂದು ನಮ್ಮ ಧಾರವಾಡ-ಹುಬ್ಬಳ್ಳಿಗಳ ಸೀಮೆಯಲ್ಲಿ ಕೆಲಸಕ್ಕೆ ನಿಂತರು.

ಆ ಕಾಲಕ್ಕೆ ಈ ಸೀಮೆಗೆ ಸರಕಾರದ ಕಾಗದಪತ್ರಗಳಲ್ಲಿ ದಕ್ಷಿಣ ಮರಾಠಾ ಪ್ರಾಂತವೆಂದು ಹೆಸರು. ಜನರ ಬಾಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಈ ಸಂಸ್ಥಾನಗಳಲ್ಲಿ ದರಬಾರದ ಭಾಷೆಯು ಮರಾಠಿಯೇ ಆಗಿತ್ತು. ಬಾಸೆಲ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿ, 1851ರಲ್ಲಿ ಘಟಪ್ರಭೆಯ ಆಚೆಯ ನೇಕಾರರ ಊರಾದ ಗುಳೇದಗುಡ್ಡಕ್ಕೂ ಬಂದಿದ್ದರು. ತಮ್ಮ ಮತವನ್ನು ಜನರ ಮನಸ್ಸಿಗೆ ಮುಟ್ಟಿಸಬೇಕಾದರೆ ಜನರ ಭಾಷೆಯೇ ಬೇಕೆಂಬುದನ್ನು ಅವರು ಅರಿತಿದ್ದರು. ಕನ್ನಡವನ್ನು ಒಕ್ಕಲಿಗರ ಆಡುಮಾತೆಂದು ಓದಿದವರೇ ಅಲ್ಲಗಳೆಯುತ್ತಿದ್ದ ಕಾಲದಲ್ಲಿ ಪರದೇಶದ ಈ ಪಾದ್ರಿಗಳು ಅದರ ವ್ಯಾಕರಣವನ್ನು ಕೈಯಲ್ಲಿ ಹಿಡಿದರೆಂಬ ಮಾತು ನಮಗೆ ನಾಚಿಕೆಯನ್ನೂ ಕೃತಜ್ಞತೆಯನ್ನೂ ಒಮ್ಮೆಲೇ ತರತಕ್ಕದ್ದಾಗಿದೆ.

ತರುಣ ಕಿಟ್ಟೆಲರ ಹಂಬಲವು ಉಳಿದವರಿಗಿಂತ ದೊಡ್ಡದಿತ್ತು. ಬಂಗಲೆಯಲ್ಲಿ ಕುಳಿತು ಉಪದೇಶಿಸುವ ದೊರೆಯಾಗದೆ, ಕಾಲ್ನಡಿಗೆಯಿಂದ ಊರೂರು ತಿರುಗಿ, ಜನರ ಮಾತನ್ನೂ ನಡೆಯನ್ನೂ ಕಲಿತು, ಭಾರತೀಯರ ನಡುವೆ ಭಾರತೀಯನಾಗಿಯೇ ಬಾಳಬೇಕೆಂದು ಅವರು ಎಣಿಸಿದ್ದರು. ಎಲ್ಲರಿಗಾಗಿ ಎಲ್ಲರಂತೆ ಆಗಬೇಕೆಂಬ ಸಂತ ಪೌಲನ ಮಾರ್ಗವು ಅವರಿಗೆ ಮಾದರಿಯಾಗಿತ್ತು. ಆದರೆ ಮಿಶನ್ನಿನ ಹಿರಿಯರಿಗೂ ಅವರಿಗೂ ಈ ವಿಷಯದಲ್ಲಿ ಹೊಂದಿಕೆಯಾಗಲಿಲ್ಲ. ಧರ್ಮಪ್ರಚಾರಕರೆಂದು ಅವರಿಗೆ ಹೆಸರು ಬರಲಿಲ್ಲ. ಕ್ರಮೇಣ ಅವರ ಪಾಲಿಗೆ ಬಂದದ್ದು ಪುಸ್ತಕದ ಕೆಲಸ. ಯಾವ ಕೆಲಸಕ್ಕಾಗಿ ಮನೆಮಾರು ಬಿಟ್ಟು ಸಮುದ್ರವನ್ನು ದಾಟಿ ಬಂದರೋ ಆ ಕೆಲಸದಲ್ಲಿಯೇ ಅವರು ಹಿಂದಾದರು. ತಾಯ್ನಾಡನ್ನು ಬಿಡುವದು ತ್ಯಾಗವೇ ಸರಿ. ಆದರೆ ತನ್ನ ಸತ್ಸಂಕಲ್ಪವನ್ನೇ ಬಿಟ್ಟುಕೊಟ್ಟು, ಕೈಗೆ ಬಂದ ಬೇರೆ ಕೆಲಸವನ್ನು ಗೊಣಗದೆ ಮಾಡುವದು ಅದಕ್ಕಿಂತ ಕಠಿಣ. ಕಿಟ್ಟೆಲರು ಅಗ್ನಿಗೆ ಅರ್ಪಿಸಿದ ಮೊದಲನೆಯ ಆಹುತಿಯು ಇದೆಂದು ನಾವು ತಿಳಿಯುತ್ತೇವೆ.

ಎರಡನೆಯದು ಬೇಗನೆ ಬಂತು. 1860ರಲ್ಲಿ ಅವರು ಪೌಲೀನಾ ಐಟ್ ಎಂಬಾಕೆಯನ್ನು ಮದುವೆಯಾದರು. 1862ರಲ್ಲಿ ಕ್ರಿಸ್ತನ ಚರಿತ್ರವನ್ನು ಕನ್ನಡ ಪದ್ಯದಲ್ಲಿ ಹೇಳುವ ‘ಕಥಾಮಾಲೆ’ಯು ಅಚ್ಚಾಯಿತು. ಮದುವೆಯಾದ ನಾಲ್ಕೇ ವರ್ಷಕ್ಕೆ, 1864ರಲ್ಲಿ, ಆ ಸಾಧ್ವಿಯು ತೀರಿಕೊಂಡಳು. ಮುಂದೆ ಆಕೆಯ ತಂಗಿ ಜೂಲಿಯು ಕಿಟ್ಟೆಲರ ಕೈಹಿಡಿದಳು.

ಇಲ್ಲಿ ತುಸು ನಿಂತು, ಕ್ರೈಸ್ತ ಮತದಲ್ಲಿ ಬಲಿ ಅಥವಾ ಯಜ್ಞವೆಂದರೆ ಏನೆಂಬುದನ್ನು ನೋಡೋಣ. ನಮ್ಮಲ್ಲಿ ಯಜಮಾನನು ದ್ರವ್ಯವನ್ನು ಅಗ್ನಿಯಲ್ಲಿ ಹಾಕುವಾಗ ಇದು ತನ್ನದಲ್ಲವೆಂದು ಹೇಳಿ ಕೈ ಬಿಡುತ್ತಾನೆ. ಯೆಹೂದ್ಯರ ದೇವಾಲಯದಲ್ಲಿ ಪಾಪಪರಿಹಾರಕ್ಕಾಗಿ ಪಶುವನ್ನು ಬಲಿಕೊಡುತ್ತಿದ್ದರು. ಕ್ರೈಸ್ತರ ನಂಬಿಗೆಯಂತೆ ಯೇಸುವು ಶಿಲುಬೆಯ ಮೇಲೆ ತನ್ನನ್ನೇ ಅರ್ಪಿಸಿಕೊಂಡಾಗ ಆ ಬಲಿಗಳೆಲ್ಲವೂ ಮುಗಿದವು. ಅಲ್ಲಿ ಯಾಜಕನೂ ಅವನೇ, ಬಲಿಯೂ ಅವನೇ. ಒಮ್ಮೆ ಆದದ್ದು ಎಂದೆಂದಿಗೂ ಸಾಕಾಯಿತು. ಹಾಗಾದರೆ ಅವನ ಅನುಯಾಯಿಗಳು ಮತ್ತೇಕೆ ತ್ಯಾಗ ಮಾಡಬೇಕು? ಸಾಲವೆಲ್ಲ ತೀರಿದ ಮೇಲೆ ಹಣ ಕಟ್ಟುವವರುಂಟೆ?

ಈ ಪ್ರಶ್ನೆಗೆ ಆ ಮತವು ಕೊಡುವ ಉತ್ತರದಲ್ಲಿಯೇ ಅದರ ಸಾರವಿದೆ. ಸಾಲ ತೀರಿದ್ದರಿಂದಲೇ ಕೊಡತಕ್ಕದ್ದು. ಪುಣ್ಯವನ್ನು ಕೊಳ್ಳುವದಕ್ಕಾಗಿ ಕೊಟ್ಟದ್ದು ವ್ಯಾಪಾರ. ಪಡೆದ ಉಪಕಾರವನ್ನು ನೆನೆದು ಕೊಟ್ಟದ್ದು ಯಜ್ಞ. ಆದದರಿಂದಲೇ ಪೌಲನು ಭಕ್ತರಿಗೆ ತಮ್ಮ ದೇಹಗಳನ್ನು ಜೀವಂತ ಬಲಿಯಾಗಿ ಒಪ್ಪಿಸಲು ಹೇಳಿದನು. ಎಂದರೆ ಒಂದು ದಿನ ಸತ್ತು ತೀರಿಸುವದಲ್ಲ, ದಿನದಿನವೂ ಬದುಕಿ ಸಲ್ಲಿಸುವದು. ಪ್ರೀತಿಯಿಲ್ಲದೆ ಮೈಯನ್ನೇ ಸುಡಗೊಟ್ಟರೂ ಅದರಿಂದ ಪ್ರಯೋಜನವಿಲ್ಲವೆಂದು ಹೇಳಿದವನೂ ಅವನೇ. ದೇವಾಲಯದ ಪೆಟ್ಟಿಗೆಯಲ್ಲಿ ಶ್ರೀಮಂತರು ಸುರಿದ ಹಣಕ್ಕಿಂತ ಬಡ ವಿಧವೆಯು ಹಾಕಿದ ಎರಡು ಕಾಸುಗಳನ್ನು ಯೇಸುವು ದೊಡ್ಡವೆಂದು ಎಣಿಸಿದನು. ನಮ್ಮ ವಾಚಕರಿಗೆ ಇಲ್ಲಿ ಧರ್ಮರಾಯನ ಅಶ್ವಮೇಧದ ಮುಂಗುಸಿಯ ಕಥೆಯು ನೆನಪಾಗದೆ ಇರದು. ಬಡ ಬ್ರಾಹ್ಮಣನು ಹಸಿದ ಅತಿಥಿಗೆ ಕೊಟ್ಟ ಹಿಟ್ಟಿನ ಕಣಗಳಲ್ಲಿ ಹೊರಳಿ ಅರ್ಧ ಮೈ ಬಂಗಾರವಾದ ಆ ಪ್ರಾಣಿಯು ಚಕ್ರವರ್ತಿಯ ಯಜ್ಞಭೂಮಿಯಲ್ಲಿ ಎಷ್ಟು ಹೊರಳಿದರೂ ಉಳಿದರ್ಧ ಬಂಗಾರವಾಗಲಿಲ್ಲ. ಮತಗಳು ಬೇರೆಯಾದರೂ ತ್ಯಾಗವನ್ನು ತೂಗುವ ತಕ್ಕಡಿಯು ಒಂದೇ.

ಕಿಟ್ಟೆಲರ ಬಾಳಿನ ಉತ್ತರಾರ್ಧವು ಈ ಜೀವಂತ ಬಲಿಯ ಕಥೆಯಾಗಿದೆ. ಯಜ್ಞಸುಧಾನಿಧಿಯು ಹೊರಟ ವರ್ಷವೇ ಅವರು ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಅಚ್ಚು ಹಾಕಿಸಿದರು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯು ಹೊರಬಂತು. ಇವೆಲ್ಲವೂ ಕೋಶದ ಮಹಾಕಾರ್ಯಕ್ಕೆ ಪೂರ್ವಸಿದ್ಧತೆಯಂತೆ ಆದವು. 1877ರಲ್ಲಿ ಅವರು ಜರ್ಮನಿಗೆ ಹಿಂದಿರುಗಿ ಅಲ್ಲಿಯೂ ಕೋಶದ ಕೆಲಸವನ್ನೇ ನಡೆಸಿದರು. ಆದರೆ ಕನ್ನಡ ಶಬ್ದದ ಜೀವವು ಕನ್ನಡಿಗರ ನಾಲಗೆಯ ಮೇಲಿದೆಯಲ್ಲದೆ ಜರ್ಮನಿಯ ಕೋಣೆಯಲ್ಲಿ ಇಲ್ಲ. ಆದದರಿಂದ 1883ರಲ್ಲಿ, ಐವತ್ತು ದಾಟಿದ ಮೇಲೆ, ಮಡದಿಮಕ್ಕಳನ್ನು ಅಲ್ಲಿಯೇ ಬಿಟ್ಟು ಅವರು ಮತ್ತೆ ಭಾರತಕ್ಕೆ ಬಂದರು. 1892ರಲ್ಲಿ ಹಿಂದಿರುಗುವವರೆಗೂ ಒಂಟಿಯಾಗಿ ದುಡಿದರು. ಪಂಡಿತರನ್ನು ಕೇಳಿ, ಹಳೆಯ ಕಾವ್ಯಗಳನ್ನು ಶೋಧಿಸಿ, ಒಂದೊಂದು ಶಬ್ದವನ್ನೂ ಒರೆಗೆ ಹಚ್ಚಿದರು. ಮೈಯಲ್ಲಿಯ ಶಕ್ತಿಯೂ ಕಣ್ಣಿನ ಬೆಳಕೂ ಈ ಕೆಲಸದಲ್ಲಿಯೇ ಕುಂದುತ್ತ ಬಂದವು.

1894ರಲ್ಲಿ ಮಂಗಳೂರಿನ ಬಾಸೆಲ ಮಿಶನ್ನಿನವರಿಂದ ಕನ್ನಡ-ಇಂಗ್ಲಿಷ ಕೋಶವು ಪ್ರಕಟವಾಯಿತು: ಸಾವಿರದ ಏಳುನೂರಕ್ಕೂ ಮಿಕ್ಕ ಪುಟಗಳು, ಸುಮಾರು 70,000 ಶಬ್ದಗಳು. ಹಳಗನ್ನಡ ಕವಿಗಳ ಪ್ರಯೋಗವೂ ರೈತನ ಗಾದೆಮಾತೂ ಅದರಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ತಮಿಳು, ತೆಲುಗು, ಮಲೆಯಾಳ, ತುಳು ಮುಂತಾದ ಸೋದರ ಭಾಷೆಗಳ ಶಬ್ದಗಳನ್ನು ಪಕ್ಕದಲ್ಲಿಟ್ಟು, ಯಾವುದು ಸಂಸ್ಕೃತದಿಂದ ಬಂದದ್ದು, ಯಾವುದು ದೇಶ್ಯವೆಂಬುದನ್ನು ಬೇರ್ಪಡಿಸಲಾಗಿದೆ. ನಮ್ಮ ಈ ಸೀಮೆಯಲ್ಲಿ ಮಾತ್ರ ಬಳಕೆಯಲ್ಲಿದ್ದ ಶಬ್ದಗಳ ಮುಂದೆ ದಕ್ಷಿಣ ಮರಾಠಾ ಪ್ರಾಂತವೆಂಬುದರ ಸಂಕೇತಾಕ್ಷರಗಳಿವೆ. ಹೆಸರು ಮರಾಠರದು, ಶಬ್ದ ಕನ್ನಡದ್ದು. ಆ ಸಂಕೇತವಿರುವ ಕಡೆಯಲ್ಲೆಲ್ಲ ನಮ್ಮ ಅಜ್ಜ-ಮುತ್ತಜ್ಜರ ಮಾತಿಗೆ ಸಾಕ್ಷಿಯಿದೆ. ದರಬಾರದಲ್ಲಿ ದೊರೆಯದ ಮಾನವು ನಮ್ಮ ಆಡುಮಾತಿಗೆ ಈ ಕೋಶದ ಪುಟಗಳಲ್ಲಿ ದೊರೆಯಿತು.

ಆದರೆ ಇಲ್ಲಿ ಎರಡು ಸಂಶಯಗಳನ್ನು ಮರೆಮಾಚಲಾಗದು. ಮೊದಲನೆಯದು, ನಮ್ಮ ಜನರ ಮತವನ್ನು ಬದಲಿಸಲು ಬಂದವನನ್ನು ನಾವೇಕೆ ಹೊಗಳಬೇಕೆಂಬುದು. ಕಿಟ್ಟೆಲರು ಬಂದದ್ದು ಆ ಉದ್ದೇಶದಿಂದಲೇ. ಅದನ್ನು ಅವರೆಂದೂ ಬಚ್ಚಿಡಲಿಲ್ಲ. ನಮ್ಮ ದೇವತೆಗಳ ವಿಷಯದಲ್ಲಿ ಅವರು ಬರೆದದ್ದೆಲ್ಲವನ್ನೂ ನಾವು ಒಪ್ಪಬೇಕಾದದ್ದಿಲ್ಲ. ಆದರೆ ಫಲವನ್ನು ನೋಡಿರಿ. ಮಿಶನ್ನಿನ ಹಣದಿಂದ ಮಿಶನ್ನಿನ ಕೆಲಸಕ್ಕಾಗಿ ಹುಟ್ಟಿದ ಕೋಶವು ಜೈನ, ವೀರಶೈವ, ಬ್ರಾಹ್ಮಣ ಕವಿಗಳ ಕಾವ್ಯಗಳಿಗೆ ಕೀಲಿಕೈಯಾಯಿತು. ಅದು ಹೊರಡುವ ನಾಲ್ಕು ವರ್ಷ ಮುಂಚೆ, 1890ರಲ್ಲಿ, ಧಾರವಾಡದಲ್ಲಿ ವಿದ್ಯಾವರ್ಧಕ ಸಂಘವು ಹುಟ್ಟಿತ್ತು. ಕನ್ನಡವೆಂಬುದೊಂದು ಪೂರ್ಣವಾದ, ಪ್ರಾಚೀನವಾದ ಭಾಷೆಯೆಂದು ವಾದಿಸುವವರಿಗೆ ಈ ಕೋಶವೇ ಕೈಯಲ್ಲಿಯ ಪ್ರಮಾಣವಾಯಿತು. ಆ ಪ್ರಮಾಣದ ಬಲವೂ ಕೂಡಿ ಬೆಳೆದ ಭಾಷಾಭಿಮಾನವೇ 1956ರಲ್ಲಿ ಕನ್ನಡಿಗರನ್ನು ಒಂದುಗೂಡಿಸಿತು. ಕಿಟ್ಟೆಲರು ಬಿತ್ತಿದ್ದು ಒಂದು, ಬೆಳೆದದ್ದು ಇನ್ನೊಂದು. ಅಗ್ನಿಗೆ ಹಾಕಿದ ತುಪ್ಪದ ಮೇಲೆ ಯಜಮಾನನಿಗೆ ಮತ್ತೆ ಹಕ್ಕಿಲ್ಲ. ಅದರ ಬೆಳಕು ಯಾರ ಮೇಲೆ ಬೀಳಬೇಕೆಂದು ಅವನು ಗೊತ್ತು ಮಾಡಲಾರನು. ಕೊಟ್ಟದ್ದನ್ನು ಕೊಟ್ಟವನ ಇಷ್ಟಕ್ಕೆ ಕಟ್ಟಿ ಹಾಕದಿದ್ದಾಗಲೇ ಅದು ನಿಜವಾದ ದಾನವೆನಿಸುವದು.

ಎರಡನೆಯ ಸಂಶಯವು ಇನ್ನೂ ಸೂಕ್ಷ್ಮವಾದದ್ದು. ದೂರದಲ್ಲಿ ಗಂಡನಿಲ್ಲದೆ ಸಂಸಾರವನ್ನು ನಡೆಸಿದ ಜೂಲಿಯು, ತಂದೆಯನ್ನು ಕಾಣದೆ ಬೆಳೆದ ಮಕ್ಕಳು, ಇವರೂ ಆ ಯಜ್ಞದಲ್ಲಿ ಭಾಗಿಗಳಲ್ಲವೆ? ಇವರನ್ನು ಯಾರೂ ಹೊಗಳುವದಿಲ್ಲ. ಅಬ್ರಹಾಮನು ಮಗನನ್ನು ಬಲಿಕೊಡಲು ಕತ್ತಿಯೆತ್ತಿದಾಗ ದೇವರೇ ಕೈ ತಡೆದನೆಂದು ಬೈಬಲ್ಲಿನ ಕಥೆಯು ಹೇಳುತ್ತದೆ. ಎಂದರೆ ಕೊಡಬೇಕಾದದ್ದು ತನ್ನನ್ನು, ತನ್ನವರನ್ನಲ್ಲ. ಕಿಟ್ಟೆಲರ ಬಾಳಿನಲ್ಲಿ ಈ ಗೆರೆಯು ಎಲ್ಲೆಡೆಯೂ ಶುದ್ಧವಾಗಿ ಉಳಿಯಿತೆಂದು ನಾವು ಹೇಳಲಾರೆವು. ದೇಶಕಾರ್ಯಕ್ಕಾಗಿ ಮನೆ ಬಿಟ್ಟ ನಮ್ಮ ಹಿರಿಯರ ಬಾಳಿನಲ್ಲಿಯೂ ಅದು ಉಳಿಯಲಿಲ್ಲ. ಸೆರೆಮನೆಗೆ ಹೋದವನ ಹೆಸರು ಚರಿತ್ರೆಯಲ್ಲಿ ಸೇರಿತು. ಒಲೆ ಹೊತ್ತಿಸಲು ಬೆರಣಿಯನ್ನು ಕಡ ತಂದವಳ ಹೆಸರು ಸೇರಲಿಲ್ಲ. ಕೋಶದ ಮುಖಪುಟದಲ್ಲಿ ಒಂದೇ ಹೆಸರಿದ್ದರೂ ಅದರ ಬೆಲೆಯನ್ನು ತೆತ್ತವರು ಹಲವರೆಂಬ ನೆನಪು ನಮಗಿರಬೇಕು.

ಮನ್ನಣೆಯು ತಡವಾಗಿ ಬಂತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ ಪದವಿಯನ್ನು ಕೊಟ್ಟು ಗೌರವಿಸಿತು. ಇಷ್ಟಾದ ಮೇಲೂ ಅವರು ಲೇಖನಿಯನ್ನು ಕೆಳಗಿಡಲಿಲ್ಲ. ಇಂಗ್ಲಿಷಿನಲ್ಲಿ ಬರೆದ ಅವರ ಕನ್ನಡ ವ್ಯಾಕರಣವು 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರದಲ್ಲಿ ಟ್ಯೂಬಿಂಗನ್‌ದಲ್ಲಿ ಅವರು ದೇಹವಿಟ್ಟರು. ಮುಂದೆ ಮದರಾಸ ವಿಶ್ವವಿದ್ಯಾಲಯವು ಕೋಶವನ್ನು ಪರಿಷ್ಕರಿಸಿ ಸಂಪುಟಗಳಾಗಿ ಮತ್ತೆ ಹೊರಡಿಸಿತು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ, ಬೆಂಗಳೂರಿನಲ್ಲಿ ಪ್ರತಿಮೆಯಿದೆ.

ಆದರೆ ಪ್ರತಿಮೆಗೆ ಮಾಲೆ ಹಾಕಿದರೆ ಋಣ ತೀರದು. ಮುಧೋಳವು ರನ್ನನು ಹುಟ್ಟಿದ ಊರು. ಅವನ ಕಾವ್ಯವನ್ನು ಓದುವ ಇಂದಿನ ವಿದ್ಯಾರ್ಥಿಯು ಶಬ್ದವೊಂದು ತಿಳಿಯದೆ ನಿಂತಾಗ ಕಿಟ್ಟೆಲರ ಕೋಶವನ್ನೇ ತೆಗೆಯುತ್ತಾನೆ. ಆದರೆ ರಬಕವಿ-ಬನಹಟ್ಟಿಗಳ ಕೈಮಗ್ಗದ ಮನೆಗಳಲ್ಲಿ ಹಾಸು, ಹೊಕ್ಕು, ಲಾಳಿಗಳ ಸುತ್ತ ಬೆಳೆದ ನೂರಾರು ಮಾತುಗಳು, ವಿದ್ಯುತ್ ಮಗ್ಗಗಳ ಸಪ್ಪಳದಲ್ಲಿ ಕೇಳದಾಗುತ್ತಿವೆ. ಬೀಳಗಿಯ ಹೊಲಗಳಲ್ಲಿ ಕೂರಿಗೆ ಕುಂಟೆಗಳ ಜತೆಗೆ ಅವುಗಳ ಶಬ್ದಗಳೂ ಮೂಲೆ ಸೇರುತ್ತಿವೆ. ಇವನ್ನು ಬರೆದಿಡಲು ಸಮುದ್ರವನ್ನು ದಾಟಬೇಕಾಗಿಲ್ಲ, ಮಡದಿಮಕ್ಕಳನ್ನು ಅಗಲಬೇಕಾಗಿಲ್ಲ, ಕಣ್ಣನ್ನು ಕಳೆದುಕೊಳ್ಳಬೇಕಾಗಿಲ್ಲ. ನಮ್ಮ ಶಿಕ್ಷಕರೂ ಅಧಿಕಾರಿಗಳೂ ದಿನಕ್ಕೊಂದು ಗಳಿಗೆಯನ್ನು ಕೊಟ್ಟು, ಮುಪ್ಪಿನ ನೇಕಾರನೊಬ್ಬನ ಜಗಲಿಯ ಮೇಲೆ ಕುಳಿತು ಕೇಳಿ ಬರೆದುಕೊಂಡರೆ ಸಾಕು. ಜರ್ಮನಿಯವನೊಬ್ಬನು ನಮ್ಮ ಮಾತಿಗಾಗಿ ನಾಲ್ವತ್ತು ವರ್ಷಗಳನ್ನು ಸವೆಸಿದ್ದಾನೆ. ಆ ಮಾತನ್ನೇ ಆಡುವ ನಾವು ಒಂದು ಗಳಿಗೆಯನ್ನಾದರೂ ಕೊಡುವೆವೋ ಇಲ್ಲವೋ ಎಂಬುದನ್ನು ವಾಚಕರೇ ತಮ್ಮ ಮನಸ್ಸನ್ನು ಕೇಳಿಕೊಳ್ಳಲಿ.