ಗಣಿತಕ್ಕೆ ಕೈಕಾಲು ಕೊಟ್ಟ ಮಾಂಟೆಸ್ಸೊರಿ

ಮಕ್ಕಳೇ, ಲೆಕ್ಕ ಕಲಿಯಲು ಕೈಕಟ್ಟಿ ಕುಳಿತಿರಲೇಬೇಕೆ? ಬೇಕಿಲ್ಲ ಎಂದು ತೋರಿಸಿಕೊಟ್ಟವರು ಮರಿಯಾ ಮಾಂಟೆಸ್ಸೊರಿ.

ಇವರು 1870ರ ಆಗಸ್ಟ್ 31ರಂದು ಇಟಲಿಯಲ್ಲಿ ಜನಿಸಿದರು. 1896ರಲ್ಲಿ ವೈದ್ಯ ಪದವಿ ಪಡೆದರು. ಬುದ್ಧಿ ಬೆಳೆಯದವರೆಂದು ಜನ ಕೈಬಿಟ್ಟಿದ್ದ ಮಕ್ಕಳಿಗೆ ಮುಟ್ಟುವ, ಎತ್ತುವ, ಜೋಡಿಸುವ ಸಾಮಗ್ರಿ ಕೊಟ್ಟರು. ಆ ಮಕ್ಕಳು ಕಲಿತರು! ಹಾಗಾದರೆ ಎಲ್ಲ ಮಕ್ಕಳೂ ಹೀಗೇಕೆ ಕಲಿಯಬಾರದು?

1907ರ ಜನವರಿ 6ರಂದು ರೋಮ್ ನಗರದ ಬಡ ಬಡಾವಣೆ ಸ್ಯಾನ್ ಲೊರೆಂಜೊದಲ್ಲಿ ‘ಮಕ್ಕಳ ಮನೆ’ ಆರಂಭವಾಯಿತು. ತಂದೆತಾಯಿ ಕೆಲಸಕ್ಕೆ ಹೋದಾಗ ನೋಡಿಕೊಳ್ಳುವವರಿಲ್ಲದ ಮಕ್ಕಳು ಅಲ್ಲಿಗೆ ಬಂದರು.

ಮಾಂಟೆಸ್ಸೊರಿಯವರ ಸಂಖ್ಯಾಕೋಲುಗಳು ಹತ್ತು. ಮೊದಲನೆಯದು 10 ಸೆಂ.ಮೀ., ಹತ್ತನೆಯದು 1 ಮೀಟರ್. ಮಗು ಒಂದೊಂದನ್ನೇ ಹೊತ್ತು ತಂದು ಚಾಪೆಯ ಮೇಲೆ ಮೆಟ್ಟಿಲಿನಂತೆ ಜೋಡಿಸಬೇಕು. ಉದ್ದನೆಯ ಕೋಲಿಗೆ ಎರಡೂ ಕೈ ಚಾಚಬೇಕು. 10 ಎಷ್ಟು ದೊಡ್ಡದೆಂದು ತೋಳಿಗೇ ತಿಳಿಯುತ್ತದೆ! 3ರ ಕೋಲಿನ ತುದಿಗೆ 7ರ ಕೋಲನ್ನಿಟ್ಟರೆ 10ರ ಕೋಲಿಗೆ ಸಮ. ಸಂಕಲನವೆಂದರೆ ಇದೇ.

ಸ್ಥಾನಬೆಲೆ ಕಲಿಯಲು ಮಣಿಗಳಿವೆ. ಬಿಡಿ ಮಣಿ, ಹತ್ತರ ಕಡ್ಡಿ, ನೂರರ ಚೌಕ, ಸಾವಿರದ ಘನ. 2,345 ಬೇಕೆಂದರೆ ತಟ್ಟೆ ಹಿಡಿದು ನಡೆದು ಹೋಗಿ ಎಣಿಸಿ ತರಬೇಕು.

1939ರಲ್ಲಿ ಅವರು ಮದರಾಸಿಗೆ ಬಂದರು. ಎರಡನೇ ಮಹಾಯುದ್ಧದ ಕಾರಣ 1946ರವರೆಗೆ ಭಾರತದಲ್ಲೇ ಉಳಿದು ಶಿಕ್ಷಕರಿಗೆ ತರಬೇತಿ ನೀಡಿದರು. 1952ರ ಮೇ 6ರಂದು ನೆದರ್ಲೆಂಡ್ಸ್‌ನಲ್ಲಿ ನಿಧನರಾದರು.

ಮಾಡಿ ನೋಡಿ: ಶಾಲೆಯ ಅಂಗಳದಲ್ಲಿ ಸಮ ಅಂತರದಲ್ಲಿ 0ಯಿಂದ 20ರವರೆಗೆ ಸಂಖ್ಯಾರೇಖೆ ಬರೆಯಿರಿ. 5ರ ಮೇಲೆ ನಿಂತು, ನಾಲ್ಕು ನಾಲ್ಕು ಮನೆಯಂತೆ ಮೂರು ಸಲ ಮುಂದೆ ನೆಗೆಯಿರಿ. ಎಲ್ಲಿ ತಲುಪಿದಿರಿ? ಒಂದನೇ ತರಗತಿಯ ತಮ್ಮ ತಂಗಿಯರನ್ನೂ ಆಟಕ್ಕೆ ಸೇರಿಸಿಕೊಳ್ಳಿ.