ಕಣ್ಣಿನ ಪೊರೆ ತೆಗೆದ ಡಾ. ಮೋದಿ

ಮಕ್ಕಳೇ, ಶಾಲೆಯ ಬೇವಿನ ಮರಕ್ಕೆ ಮಂಗ ಬಂದರೆ ಕಲ್ಲು ಎಸೆಯಬೇಡಿ. ದೂರದಿಂದಲೇ ಅದರ ಮುಖ ನೋಡಿ. ಎಮ್ಮೆಯ ಕಣ್ಣುಗಳು ತಲೆಯ ಎರಡು ಪಕ್ಕಕ್ಕಿವೆ. ಮಂಗನ ಕಣ್ಣುಗಳು ನಮ್ಮವುಗಳಂತೆ ಮುಂದಕ್ಕಿವೆ. ಎರಡೂ ಕಣ್ಣು ಒಂದೇ ಕೊಂಬೆಯನ್ನು ನೋಡುವುದರಿಂದ ಅದು ಎಷ್ಟು ದೂರವಿದೆ ಎಂಬುದು ಮಂಗನಿಗೆ ತಿಳಿಯುತ್ತದೆ. ಕಣ್ಣಿನ ಒಳಗೂ ಹೋಲಿಕೆಯಿದೆ. ಸೂಕ್ಷ್ಮವಾಗಿ ನೋಡಲು ನೆರವಾಗುವ ಹಳದಿ ಚುಕ್ಕೆ ನಮ್ಮ ಅಕ್ಷಿಪಟಲದಲ್ಲೂ ಮಂಗನ ಅಕ್ಷಿಪಟಲದಲ್ಲೂ ಇದೆ, ಎಮ್ಮೆಗೆ ಇಲ್ಲ. ಪಾಪೆಯ ಹಿಂದೆ ಪಾರದರ್ಶಕ ಮಸೂರ ಇಬ್ಬರಿಗೂ ಇದೆ. ಮುಪ್ಪಿನಲ್ಲಿ ಅದು ಮಬ್ಬಾಗಿ ಪೊರೆ ಬರುವುದೂ ಇಬ್ಬರಿಗೂ ಉಂಟು.

ಕಾಡಿನ ಮಂಗನಿಗೆ ಪೊರೆ ತೆಗೆಯುವವರಿಲ್ಲ. ನಮ್ಮ ಹಳ್ಳಿಗಳ ಮುದುಕರಿಗೂ ಬಹಳ ಕಾಲ ಇರಲಿಲ್ಲ. ಆಸ್ಪತ್ರೆ ದೂರದ ಪಟ್ಟಣದಲ್ಲಿ, ಕೈಯಲ್ಲಿ ಹಣವಿಲ್ಲ. ಕಣ್ಣು ಮಬ್ಬಾದವರು ಕೋಲು ಹಿಡಿದು ಕಟ್ಟೆಯ ಮೇಲೆ ದಿನ ಕಳೆಯಬೇಕಿತ್ತು. ಅಂಥವರ ಊರಿಗೇ ಹೋದವರು ಡಾ. ಮುರುಗಪ್ಪ ಚನ್ನವೀರಪ್ಪ ಮೋದಿ.

ಮೋದಿಯವರು 1916ರಲ್ಲಿ ಬೀಳಗಿಯಲ್ಲಿ ಜನಿಸಿದರು. ಗುರುಗುಂಟಾ, ಲಿಂಗಸುಗೂರು ದಾಟಿ ಪಶ್ಚಿಮಕ್ಕೆ ಹೋದರೆ ಸಿಗುವ ಈ ಊರು ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಆಗ ವಿಜಾಪುರ ಜಿಲ್ಲೆಗೆ ಸೇರಿತ್ತು. ಕಣ್ಣಿನ ವೈದ್ಯರಾದ ಅವರ ಮೇಲೆ ಗಾಂಧೀಜಿಯವರ ಪ್ರಭಾವ ಬಹಳವಾಗಿತ್ತು. 1943ರಿಂದ ಊರೂರು ತಿರುಗಿ ಉಚಿತ ಶಿಬಿರಗಳನ್ನು ನಡೆಸಿದರು. ರೋಗಿಗಳನ್ನು ಸಾಲಾಗಿ ಮಲಗಿಸಲಾಗುತ್ತಿತ್ತು. ಸಹಾಯಕರು ಕಣ್ಣು ಸಿದ್ಧಪಡಿಸುತ್ತಿದ್ದರು, ಮೋದಿಯವರು ಒಬ್ಬರಾದ ಮೇಲೆ ಒಬ್ಬರ ಪೊರೆ ತೆಗೆಯುತ್ತ ಸಾಗುತ್ತಿದ್ದರು. ತಿರುಪತಿಯಲ್ಲಿ ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದರು! ನೀವೇ ಲೆಕ್ಕ ಹಾಕಿ: 24 ಗಂಟೆ ನಿದ್ದೆಯಿಲ್ಲದೆ ದುಡಿದರೂ ಒಂದಕ್ಕೆ ಎರಡು ನಿಮಿಷ ಸಿಗುವುದಿಲ್ಲ. ಇಂದಿನ ವೈದ್ಯರು ಇಷ್ಟು ಅವಸರವನ್ನು ಒಪ್ಪಲಾರರು. ಆದರೆ ಅಂದು ಸಾಲಿನಲ್ಲಿ ಕಾಯುತ್ತಿದ್ದವರಿಗೆ ಬೇರೆ ದಾರಿಯಿರಲಿಲ್ಲ ಎಂಬುದನ್ನೂ ನೆನೆಯಬೇಕು. 1993ರ ಫೆಬ್ರವರಿವರೆಗೆ ಅವರು ಮಾಡಿದ ಶಸ್ತ್ರಚಿಕಿತ್ಸೆಗಳು 6,10,564 ಎಂದು ಗಿನ್ನೆಸ್ ದಾಖಲೆ ಪುಸ್ತಕ ಬರೆದುಕೊಂಡಿತು.

ಆ ಕಾಲದ ಶಿಬಿರಗಳಲ್ಲಿ ಮಬ್ಬಾದ ಮಸೂರವನ್ನು ಪೂರ್ತಿ ಹೊರತೆಗೆಯುತ್ತಿದ್ದರು. ಮಸೂರವೇ ಇಲ್ಲದ ಕಣ್ಣಿಗೆ ಬೆಳಕನ್ನು ಒಂದೆಡೆ ಕೂಡಿಸುವ ಶಕ್ತಿ ಸಾಲದು. ಅದಕ್ಕೇ ಅಜ್ಜ, ಅಜ್ಜಿಯರು ದಪ್ಪ ಗಾಜಿನ ಕನ್ನಡಕ ಹಾಕುತ್ತಿದ್ದರು. ಈಗ ಕಣ್ಣಿನೊಳಗೇ ಪುಟ್ಟ ಕೃತಕ ಮಸೂರ ಕೂರಿಸುತ್ತಾರೆ.

ಭಾರತ ಸರ್ಕಾರ ಮೋದಿಯವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿ ನೀಡಿತು. ಅವರು 2005ರ ನವೆಂಬರ್‌ನಲ್ಲಿ ತೀರಿಕೊಂಡರು. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಂಥದೊಂದು ದಪ್ಪ ಕನ್ನಡಕ ಇದ್ದರೆ, ಅದು ಯಾರದು, ಯಾವ ಶಿಬಿರದ್ದು ಎಂದು ಹಿರಿಯರನ್ನು ಕೇಳಿ ನೋಡಿ.