ಶ್ರೀ ಅನ್ನಮಾಚಾರ್ಯರು ಬೆಟ್ಟ ಹತ್ತಿದ ದಿನ



ನಮ್ಮ ಬೆಟ್ಟಕ್ಕೆ ಮೆಟ್ಟಿಲು ಹತ್ತಿ ಬರುವವರಲ್ಲಿ ಬಹಳ ಮಂದಿ ತಿರುಪತಿಗೂ ನಡೆದೇ ಹೋಗುವ ಹರಕೆಯವರು. ಮಂಡಿ ನೀವಿಕೊಳ್ಳುತ್ತಾ ಕಚೇರಿ ಕಟ್ಟೆ ಮೇಲೆ ಕೂತು, ಅಲ್ಲಿಯ ಮೆಟ್ಟಿಲಿನ ಮುಂದೆ ಇದೇನೂ ಅಲ್ಲ ಬಿಡಿ ಅಂತ ಮಾತಾಡಿಕೊಳ್ತಾರೆ. ಅಲಿಪಿರಿಯಿಂದ ತಿರುಮಲೆಗೆ 3,550 ಮೆಟ್ಟಿಲು, ಸುಮಾರು 9 ಕಿ.ಮೀ. ದಾರಿ. ಆ ದಾರಿಯಲ್ಲಿ ಆರು ನೂರು ವರ್ಷದ ಹಿಂದೆ ಎಂಟು ವರ್ಷದ ಒಬ್ಬ ಹುಡುಗ ಹಸಿದ ಹೊಟ್ಟೆಯಲ್ಲಿ ಹತ್ತಿ ಹೋದ. ಮುಂದೆ ಅವನೇ ಪದಕವಿತಾ ಪಿತಾಮಹ ಎಂದು ಹೆಸರಾದ ಶ್ರೀ ತಾಳ್ಳಪಾಕ ಅನ್ನಮಾಚಾರ್ಯರು.

ಅವರು ಹುಟ್ಟಿದ್ದು 1408ರಲ್ಲಿ, ಕಡಪ ಸೀಮೆಯ ರಾಜಂಪೇಟೆ ಹತ್ತಿರದ ತಾಳ್ಳಪಾಕ ಗ್ರಾಮದಲ್ಲಿ. ತಂದೆ ನಾರಾಯಣಸೂರಿ, ತಾಯಿ ಲಕ್ಕಮಾಂಬ. ಅವರ ಮೊಮ್ಮಗ ಚಿನ್ನಣ್ಣ ಎಂಬವರು ತೆಲುಗಿನಲ್ಲಿ ತಾತನ ಚರಿತ್ರೆ ಬರೆದಿಟ್ಟಿದ್ದಾರೆ. ಈ ಕಥೆಯೆಲ್ಲಾ ಅದರಿಂದಲೇ ಬಂದದ್ದು.

ಹುಡುಗನಿಗೆ ಮನೆ ಕೆಲಸದಲ್ಲಿ ಮನಸ್ಸಿಲ್ಲ, ಸದಾ ಹಾಡು. (ಎಂಟು ವರ್ಷದವನಿಗೆ ಬಹುವಚನ ಹಾಕಲು ಕೈ ಬರುವುದಿಲ್ಲ, ಭಕ್ತರು ಕ್ಷಮಿಸಬೇಕು.) ಒಂದು ದಿನ ಮನೆಯವರು ಬೈದು, ದನಕ್ಕೆ ಹುಲ್ಲು ತರಲು ಕುಡುಗೋಲು ಕೊಟ್ಟು ಕಳಿಸಿದರು. ಹುಲ್ಲು ಕೊಯ್ಯುವಾಗ ಕಿರುಬೆರಳು ಕೊಯ್ದುಕೊಂಡು ರಕ್ತ ಸುರಿಯಿತು. ಅಳುತ್ತಾ ನಿಂತಿದ್ದಾಗ ಗೋವಿಂದ ನಾಮ ಹೇಳುತ್ತಾ, ಹಾಡುತ್ತಾ ಒಂದು ಯಾತ್ರಿಕರ ಗುಂಪು ತಿರುಪತಿಗೆ ಹೊರಟಿತ್ತು. ಹುಡುಗ ಹಿಂತಿರುಗಿ ಮನೆಗೆ ಹೋಗಲಿಲ್ಲ, ಯಾರಿಗೂ ಹೇಳಲಿಲ್ಲ, ಅವರ ಹಿಂದೆ ಹೊರಟುಬಿಟ್ಟ. ಈಗಿನ ರಸ್ತೆಯಲ್ಲಿ ಅದು ಸುಮಾರು 90 ಕಿ.ಮೀ. ದೂರ. ಮನೆಯಲ್ಲಿ ತಾಯಿ ಎಷ್ಟು ಹೊತ್ತು ಬಾಗಿಲಲ್ಲಿ ಕಾದಿರಬೇಕು, ಮಕ್ಕಳಿರುವವರಿಗೆ ಹೇಳಬೇಕಾಗಿಲ್ಲ.

ತಿರುಪತಿ ಮುಟ್ಟಿ, ಊರ ದೇವತೆ ಗಂಗಮ್ಮನಿಗೆ ಕೈಮುಗಿದು ಹುಡುಗ ಬೆಟ್ಟ ಏರತೊಡಗಿದ. ಇವತ್ತಿಗೂ ಅಲಿಪಿರಿಯ ಪಾದಾಲ ಮಂಟಪದಲ್ಲಿ ಭಕ್ತರು ಸ್ವಾಮಿಯ ಲೋಹದ ಪಾದುಕೆಗಳನ್ನು ತಲೆ ಮೇಲೆ ಹೊತ್ತು ಸುತ್ತು ಬರುತ್ತಾರೆ. ಮುಂದೆ ತಲೆಯೇರು ಗುಂಡು, ಆಮೇಲೆ ಉಸಿರು ಕಟ್ಟಿಸುವ ದೊಡ್ಡ ಏರು. ಈಗಿನ ನೆರಳು, ನಲ್ಲಿ ನೀರು, ದೀಪ ಒಂದೂ ಆಗ ಇರಲಿಲ್ಲ. 1944ರಲ್ಲಿ ಮೋಟಾರು ರಸ್ತೆ ಆಗುವ ತನಕ ಎಲ್ಲರೂ ನಡೆದೋ, ಡೋಲಿಯಲ್ಲೋ ಹೋಗಬೇಕಾಗಿತ್ತು. ಸುತ್ತಲೂ ಕಾಡು. ಅದು ಬರೀ ಹಳೇ ಕಾಲದ ಮಾತೂ ಅಲ್ಲ: 2023ರ ಆಗಸ್ಟ್‌ನಲ್ಲಿ ಇದೇ ದಾರಿಯಲ್ಲಿ ಚಿರತೆ ಒಂದು ಮಗುವನ್ನು ಕೊಂದಿತು, ಆಮೇಲೆ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಸಮಯದ ಕಟ್ಟುಪಾಡು ಮಾಡಬೇಕಾಯಿತು.

ಹತ್ತುತ್ತಾ ಹತ್ತುತ್ತಾ ಹುಡುಗ ಮೊಕಾಳ್ಳ ಮೆಟ್ಟಿಗೆ ಬಂದ. ತೆಲುಗಿನಲ್ಲಿ ಮೊಕಾಲು ಎಂದರೆ ಮೊಣಕಾಲು. ಅಲ್ಲಿ ಮೆಟ್ಟಿಲು ಗೋಡೆಯ ಹಾಗೆ ಎದ್ದು ನಿಂತಿದೆ. ಇಡೀ ಬೆಟ್ಟವೇ ಸಾಲಿಗ್ರಾಮ, ಅದನ್ನು ಪಾದದಿಂದ ತುಳಿಯಬಾರದು ಎಂದು ಶ್ರೀ ರಾಮಾನುಜಾಚಾರ್ಯರು ಮೊಣಕಾಲಲ್ಲೇ ಹತ್ತಿದರೆಂಬ ಪ್ರತೀತಿ ಇರುವ ಜಾಗ ಅದು. ನಾನು ಅಲ್ಲಿ ಮೂರು ಸಲ ಕೂತು ಎದ್ದಿದ್ದೇನೆ. ಹುಡುಗನಿಗೆ ಅಲ್ಲಿ ಕೈಕಾಲು ಸೋತು, ಕಣ್ಣು ಕತ್ತಲೆ ಬಂತು. ಒಂದು ಬಿದಿರು ಮೆಳೆಯ ಕೆಳಗೆ ಬಂಡೆ ಮೇಲೆ ಮಲಗಿ ನಿದ್ದೆ ಹೋದ. ಕಾಲಲ್ಲಿ ಚಪ್ಪಲಿ ಹಾಗೇ ಇತ್ತು. ಬೆಟ್ಟದ ಮೇಲೆ ಚಪ್ಪಲಿ ಕೂಡದು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಆಗ ಸಾಕ್ಷಾತ್ ಅಲಮೇಲುಮಂಗಮ್ಮನವರೇ ವಯಸ್ಸಾದ ಮುತ್ತೈದೆಯ ರೂಪದಲ್ಲಿ ಬಂದರು. ಹುಡುಗ ಗಾಬರಿಯಿಂದ ಎದ್ದ. ದಾರಿ ಕಾಣುತ್ತಿಲ್ಲ, ಯಾರೂ ದಿಕ್ಕಿಲ್ಲ ಎಂದು ಅತ್ತ. ತಾಯಿ ಬೈಯಲಿಲ್ಲ. ಇದು ಸಾಲಿಗ್ರಾಮದ ಬೆಟ್ಟ, ಚಪ್ಪಲಿ ಮೆಟ್ಟಿದ್ದರಿಂದ ನಿನಗೆ ದಾರಿ ಕಾಣದಾಯಿತು, ಬಿಚ್ಚಿ ನೋಡು ಮಗು ಎಂದು ತಿಳಿಸಿ ಹೇಳಿದರು. ಬಿಚ್ಚಿದ ಕೂಡಲೇ ಬೆಟ್ಟ ಬೇರೆಯಾಗಿಯೇ ಕಂಡಿತು. ಆಮೇಲೆ ತಾವು ತಂದಿದ್ದ ಸ್ವಾಮಿಯ ಪ್ರಸಾದವನ್ನು ಅವನಿಗೆ ಉಣ್ಣಲು ಕೊಟ್ಟರು. ಹೊಟ್ಟೆ ತುಂಬಿದ ಹುಡುಗ ಅಲ್ಲೇ, ಆ ಬಂಡೆ ಮೇಲೆಯೇ, ತಾಯಿಯ ಮೇಲೆ ಒಂದು ಶತಕ ಹೇಳಿದನಂತೆ. ಸ್ವಾಮಿ ದರ್ಶನ ಇನ್ನೂ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಉಂಡ ಋಣದ ಹಾಡೇ ಮೊದಲು ಬಂದಿತು.

ಮೇಲೆ ಹೋಗಿ ಪುಷ್ಕರಿಣಿಯಲ್ಲಿ ಮಿಂದು, ಸ್ವಾಮಿಯ ದರ್ಶನ ಮಾಡಿದ. ಘನವಿಷ್ಣು ಎಂಬ ಗುರುಗಳು ವೈಷ್ಣವ ದೀಕ್ಷೆ ಕೊಟ್ಟರು. ಕಡೆಗೆ ತಾಯಿ ಹುಡುಕಿಕೊಂಡು ಬಂದು ಊರಿಗೆ ಕರೆದೊಯ್ದರು. ಮದುವೆಯೂ ಆಯಿತು. ಪತ್ನಿಯರಲ್ಲಿ ತಿಮ್ಮಕ್ಕನವರು ಸ್ವತಃ ಕವಯಿತ್ರಿ, ಸುಭದ್ರಾ ಕಲ್ಯಾಣ ಬರೆದವರು.

ಮುಂದೆ ವಿಜಯನಗರದ ಅರಸನಾದ ಸಾಳುವ ನರಸಿಂಹನು ಅನ್ನಮಾಚಾರ್ಯರ ಗೆಳೆಯನೇ. ಆದರೆ ತನ್ನ ಮೇಲೂ ಒಂದು ಪದ ಕಟ್ಟಿ ಅಂದಾಗ ಅವರು ಕಿವಿ ಮುಚ್ಚಿಕೊಂಡರು. ಸಂಕೋಲೆ ಬಿತ್ತು. ಸ್ವಾಮಿಯನ್ನು ಹಾಡಿದಾಗ ಅದು ಕಳಚಿ ಬಿತ್ತೆಂದು ಮೊಮ್ಮಗ ಬರೆದಿದ್ದಾರೆ. ನಮ್ಮ ಪುರಂದರದಾಸರು ಅವರನ್ನು ಕಂಡ ಸಂಗತಿಯೂ ಅದೇ ಪುಸ್ತಕದಲ್ಲಿದೆ.

1424ರಲ್ಲಿ, ಹದಿನಾರನೇ ವಯಸ್ಸಿಗೆ ಹಾಡಲು ತೊಡಗಿದವರು 1503ರಲ್ಲಿ ದೇಹ ಬಿಡುವವರೆಗೆ 32,000 ಸಂಕೀರ್ತನೆ ರಚಿಸಿದರೆಂದು ಪ್ರಸಿದ್ಧಿ. ಅವನ್ನು ತಾಮ್ರದ ಹಲಗೆಗಳಲ್ಲಿ ಕೆತ್ತಿಸಿ ತಿರುಮಲೆ ದೇವಸ್ಥಾನದೊಳಗೇ ಒಂದು ಕಲ್ಲಿನ ಕೋಣೆಯಲ್ಲಿ ಇಟ್ಟಿದ್ದರು. ಬಹು ಕಾಲ ಯಾರ ಗಮನಕ್ಕೂ ಬಾರದೆ ಇದ್ದು, ಇಪ್ಪತ್ತನೇ ಶತಮಾನದಲ್ಲಿ ಹೊರಬಂದವು. ಹಲಗೆಯಲ್ಲಿ ರಾಗದ ಹೆಸರಿತ್ತು, ಹಾಡುವ ಧಾಟಿ ಇರಲಿಲ್ಲ. ಎಷ್ಟೋ ಹಾಡುಗಳಿಗೆ ಸ್ವರ ಹಾಕಿದವರು ಮೈಸೂರು ಮಹಾರಾಜಾ ಕಾಲೇಜಿನಲ್ಲಿ ತೆಲುಗು ಪಾಠ ಹೇಳಿದ್ದ ವಿದ್ವಾನ್ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು.

ಅನ್ನಮಾಚಾರ್ಯರು ಹನ್ನೆರಡು ಶತಕ ಬರೆದಿದ್ದರಂತೆ. ಈಗ ಸಿಕ್ಕಿರುವುದು ಒಂದೇ, ಶ್ರೀ ವೇಂಕಟೇಶ್ವರ ಶತಕ. ಹೆಸರು ಸ್ವಾಮಿಯದಾದರೂ ಅದರಲ್ಲಿ ಹೊಗಳಿರುವುದು ಅಲಮೇಲುಮಂಗಮ್ಮನವರನ್ನು. ಮೊಕಾಳ್ಳ ಮೆಟ್ಟಿನ ಬಂಡೆ ಮೇಲೆ ಹೇಳಿದ್ದು ಅದೇ ಶತಕ ಎನ್ನುತ್ತಾರೆ.